ಆರಾಧನೆಗೆ ಯಾವ ಗಿಟಾರ್ ಪೆಡಲ್ ಒಳ್ಳೆಯದು? ಪುಣೆಯ ಕನ್ನಡ ಸಭೆಯಿಂದ ಒಂದು ಹೋಲಿಕೆ

ನಮ್ಮ ಸಭೆಗೆ ಸ್ವಂತ ಕಟ್ಟಡ ಇಲ್ಲ. ಚಿಂಚವಾಡದ ಕಡೆ ಒಂದೇ ಚರ್ಚಿನಲ್ಲಿ ಬೆಳಗ್ಗೆ ಇಂಗ್ಲಿಷ್ ಆರಾಧನೆ, ಆಮೇಲೆ ಮರಾಠಿ, ಕೊನೆಗೆ ನಮ್ಮ ಕನ್ನಡ. ಮರಾಠಿಯವರು ಹೊರಗೆ ಬಂದು ಚಹಾ ಕುಡಿಯುವಷ್ಟರಲ್ಲಿ ನಾವು ತಬಲಾ, ಕೀಬೋರ್ಡ್, ಮೈಕು ಎಲ್ಲ ಜೋಡಿಸಿ ಮುಗಿಸಬೇಕು. ಗಿಟಾರಿಗೆ ಸಿಗುವುದು ಹೆಚ್ಚೆಂದರೆ 10 ನಿಮಿಷ. ಪೆಡಲನ್ನು (ಗಿಟಾರಿನ ದನಿ ಬದಲಿಸುವ, ಕಾಲಿನಿಂದ ಒತ್ತುವ ಪೆಟ್ಟಿಗೆ) ಬ್ಯಾಗಿನಿಂದ ತೆಗೆದು, ಕರೆಂಟ್ ಕೊಟ್ಟು, ಎಲ್ಲರ ದನಿ ಸೇರಿಸುವ ಮಿಕ್ಸರಿಗೆ ವೈರ್ ಹಾಕಿ, ದನಿ ಸರಿ ಇದೆಯಾ ಅಂತ ನೋಡುವುದೆಲ್ಲ ಅಷ್ಟರಲ್ಲೇ ಆಗಬೇಕು. ಮಾಸ ಮಾಸ ಯಾರಾದರೂ ಹುಡುಗರು ಬಂದು "ಅಣ್ಣಾ, ಯಾವ ಮಲ್ಟಿ-ಎಫೆಕ್ಟ್ ತಗೊಳ್ಳಲಿ?" ಅಂತ ಕೇಳುತ್ತಾರೆ. ಮಲ್ಟಿ-ಎಫೆಕ್ಟ್ ಅಂದರೆ ಹಲವು ಎಫೆಕ್ಟ್, ಅಂದರೆ ದನಿ ಬದಲಿಸುವ ಬಗೆಗಳು, ಒಟ್ಟಿಗೆ ಇರುವ ಪೆಡಲ್. ಅವರ ಕೈಯಲ್ಲಿ ಯಾವಾಗಲೂ ಒಂದು ಪಟ್ಟಿ ಇರುತ್ತದೆ: ಇದರಲ್ಲಿ ಇಷ್ಟು ಎಫೆಕ್ಟ್, ಅದರಲ್ಲಿ ಅಷ್ಟು. ನಾನು ಆ ಪಟ್ಟಿ ಪಕ್ಕಕ್ಕಿಟ್ಟು ಮೂರು ಪ್ರಶ್ನೆ ಕೇಳುತ್ತೇನೆ. ನಿಮ್ಮ ವೈರ್ ಎಲ್ಲಿಗೆ ಹೋಗುತ್ತದೆ? ಹಾಡಿನ ನಡುವೆ ನಿಮ್ಮ ಕಾಲು ಏನು ಮಾಡಬೇಕು? ಮುಂದಿನ ಭಾನುವಾರ ನೀವು ಊರಿಗೆ ಹೋದರೆ ಆ ಪೆಡಲನ್ನು ಯಾರು ನುಡಿಸುತ್ತಾರೆ?

ಈ ಮೂರಕ್ಕೆ ಉತ್ತರ ಸಿಕ್ಕರೆ ಅರ್ಧ ಪೆಡಲ್‌ಗಳು ತಾವಾಗಿಯೇ ಪಟ್ಟಿಯಿಂದ ಹೊರಗೆ ಹೋಗುತ್ತವೆ.

ವೈರ್ ಎಲ್ಲಿಗೆ ಹೋಗುತ್ತದೆ

ನಮ್ಮಂಥ ಸಭೆಗಳಲ್ಲಿ ಗಿಟಾರ್ ಆಂಪ್ (ಗಿಟಾರಿನ ದನಿ ಜೋರು ಮಾಡುವ ಸ್ಪೀಕರ್ ಪೆಟ್ಟಿಗೆ) ಇರುವುದೇ ಕಡಿಮೆ. ಪೆಡಲ್‌ನಿಂದ ನೇರವಾಗಿ ಮಿಕ್ಸರಿಗೆ, ಅಲ್ಲಿಂದ ಹಾಲ್‌ನ ದೊಡ್ಡ ಸ್ಪೀಕರಿಗೆ. ಇದು ಸಣ್ಣ ವಿಷಯ ಅಲ್ಲ. ಗಿಟಾರ್ ಆಂಪಿನ ಸ್ಪೀಕರ್ ಸುಮಾರು 5,000 ಹರ್ಟ್ಸ್ ಮೇಲಿನ ಚುಚ್ಚುವ ದನಿಯನ್ನು ಹೊರಗೆ ಬಿಡುವುದೇ ಕಡಿಮೆ. ಹಾಲ್‌ನ ಸ್ಪೀಕರ್ ಹಾಗಲ್ಲ, ಅದು ಎಲ್ಲವನ್ನೂ ಬಿಡುತ್ತದೆ. ಹಾಗಾಗಿ ಪೆಡಲ್ ಒಳಗೇ ಆಂಪ್ ಮತ್ತು ಸ್ಪೀಕರ್ ಪೆಟ್ಟಿಗೆಯ ನಕಲು ಇರಬೇಕು. ಇದನ್ನು ಕ್ಯಾಬ್ ಸಿಮ್ಯುಲೇಶನ್ ಅಂತಾರೆ. ನಿಜವಾದ ಪೆಟ್ಟಿಗೆಯ ದನಿಯನ್ನು ಅಳೆದು ಮಾಡಿದ ಫೈಲಿಗೆ ಐಆರ್ ಅಂತ ಹೆಸರು.

ನಾನು ಶುರು ಮಾಡಿದ ಹೊಸದರಲ್ಲಿ ನನ್ನ ಸಣ್ಣ ಪೆಡಲ್ ಆಂಪಿಗೆ ಹೊಂದುವ ಸೆಟ್ಟಿಂಗ್‌ನಲ್ಲಿತ್ತು. ಅದು ನನಗೆ ಗೊತ್ತಿರಲಿಲ್ಲ. ಹಾಗೇ ಮಿಕ್ಸರಿಗೆ ಹಾಕಿ, ದನಿಯನ್ನು ಒಡೆದು ಗಡಸು ಮಾಡುವ ಓವರ್‌ಡ್ರೈವ್ ಒತ್ತಿದೆ. ಡಬ್ಬಿಯೊಳಗೆ ಜೀರುಂಡೆ ಸಿಕ್ಕಿಬಿದ್ದ ಹಾಗೆ ದನಿ ಬಂತು. ಆರಾಧನೆ ಮುಗಿದ ಮೇಲೆ ಹುಬ್ಬಳ್ಳಿ ಕಡೆಯ ಒಬ್ಬ ಅಜ್ಜಿ ಹತ್ತಿರ ಬಂದು, "ತಮ್ಮಾ, ಹಾಡಿನ ಮಾತು ಒಂದೂ ಕೇಳ್ಸಲಿಲ್ಲ ನೋಡು" ಅಂದರು. ಬೈದು ಹೇಳಿದ್ದಲ್ಲ, ಬೇಜಾರಿನಿಂದ ಹೇಳಿದ್ದು. ಅವತ್ತಿನಿಂದ ನಾನು ಎಲ್ಲ ಪೆಡಲನ್ನೂ ಆ ಅಜ್ಜಿಯ ಕಿವಿಯಿಂದಲೇ ಅಳೆಯುತ್ತೇನೆ. ಹಾಡಿನ ಮಾತು ಕೇಳಿಸಬೇಕು. ಗಿಟಾರ್ ಅದರ ಕೆಳಗೆ ಇರಬೇಕು.

ಬಾಸ್ ಕಂಪನಿಯ ಜಿಟಿ ಸಾಲಿನ ಪೆಡಲ್‌ಗಳಲ್ಲಿ ಔಟ್‌ಪುಟ್ ಸೆಲೆಕ್ಟ್ ಅನ್ನುವ ಮೆನು ಇದೆ. ಮಿಕ್ಸರಿಗೆ ಹಾಕುವಾಗ ಅದು ಲೈನ್/ಫೋನ್ಸ್‌ನಲ್ಲಿ ಇರಬೇಕು. ಬೇರೆ ಕಂಪನಿಯ ಪೆಡಲ್ ಆದರೆ ಕ್ಯಾಬ್ ಬ್ಲಾಕ್ ಆನ್ ಇದೆಯಾ ಅಂತ ನೋಡಿ (ಬ್ಲಾಕ್ ಅಂದರೆ ಪೆಡಲ್ ಒಳಗೆ ಒಂದೊಂದು ಎಫೆಕ್ಟಿನ ಜಾಗ). ಅದೇ ಕ್ಯಾಬ್ ಬ್ಲಾಕ್‌ನಲ್ಲೋ ಈಕ್ಯೂನಲ್ಲೋ (ದಪ್ಪ-ಸಣ್ಣ ದನಿ ಹೊಂದಿಸುವ ಜಾಗ) ಕೆಳಗೆ 100 ಹರ್ಟ್ಸ್, ಮೇಲೆ 6,000 ಹರ್ಟ್ಸ್ ಹತ್ತಿರ ಕತ್ತರಿಸಿ. ಕೆಳಗಿನ ಜಾಗ ಬೇಸ್ ಗಿಟಾರಿಗೂ ತಬಲಾದ ಎಡಗೈ ಕಡೆಯ ಬಾಯಾಕ್ಕೂ ಸೇರಿದ್ದು, ಮೇಲಿನ ಜಾಗ ಹಾಡುವವರದ್ದು.

ಇನ್ನೊಂದು ವಿಷಯ ವೈರಿನ ಉದ್ದ. ನಮ್ಮಲ್ಲಿ ಮಿಕ್ಸರ್ ಹಾಲ್‌ನ ಹಿಂಭಾಗದಲ್ಲಿದೆ. ಸಾಮಾನ್ಯ ಗಿಟಾರ್ ವೈರನ್ನು ಅಷ್ಟು ದೂರ ಎಳೆದರೆ ಟ್ಯೂಬ್‌ಲೈಟಿನ, ಫ್ಯಾನಿನ ಗುಂಯ್ ಸದ್ದೆಲ್ಲ ಅದರೊಳಗೆ ಬರುತ್ತದೆ. 5-6 ಮೀಟರ್ ದಾಟಿದರೆ ಮೈಕಿಗೆ ಹಾಕುವ, ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ವೈರೇ ಬೇಕು. ಪೆಡಲ್‌ನಲ್ಲಿ ಎಕ್ಸ್‌ಎಲ್‌ಆರ್ ಔಟ್‌ಪುಟ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಒಂದು ಡಿಐ ಬಾಕ್ಸ್ (ಗಿಟಾರ್ ವೈರಿನ ಸಿಗ್ನಲನ್ನು ಆ ಮೂರು ಪಿನ್ನಿನ ವೈರಿಗೆ ಹೊಂದಿಸುವ ಪೆಟ್ಟಿಗೆ) ತಗೊಳ್ಳಿ. ಕರೆಂಟೇ ಬೇಡದ, ಒಳಗೆ ಟ್ರಾನ್ಸ್‌ಫಾರ್ಮರ್ ಇರುವ ಸಾದಾ ಡಿಐ ಸಾಕು. ಅದರಲ್ಲಿ ಗ್ರೌಂಡ್ ಲಿಫ್ಟ್ ಅನ್ನುವ ಸಣ್ಣ ಸ್ವಿಚ್ ಇರುತ್ತದೆ. ಗುಂಯ್ ಅಂದರೆ ಮೊದಲು ಅದನ್ನು ಒತ್ತಿ ನೋಡಿ. ಅಡಾಪ್ಟರಿನ ಅರ್ಥ್ ಪಿನ್ ಮಾತ್ರ ಯಾವತ್ತೂ ಮುರಿಯಬೇಡಿ, ಅದು ಜೀವದ ಪ್ರಶ್ನೆ. ಸಣ್ಣ ಮಿಕ್ಸರ್‌ಗಳಲ್ಲಿ 48 ವೋಲ್ಟ್ ಫ್ಯಾಂಟಮ್ ಪವರ್ (ಕೆಲವು ಮೈಕುಗಳಿಗೆ ವೈರಿನಲ್ಲೇ ಹೋಗುವ ಕರೆಂಟ್) ಒಂದೇ ಬಟನ್‌ನಲ್ಲಿ ಎಲ್ಲ ಚಾನೆಲ್‌ಗೂ ಹೋಗುತ್ತದೆ. ಪೆಡಲ್‌ನ ಎಕ್ಸ್‌ಎಲ್‌ಆರ್ ನೇರವಾಗಿ ಹಾಕುವವರು ಅದು ಆಫ್ ಇದೆಯಾ ಅಂತ ನೋಡಿಯೇ ಹಾಕಿ. ಟ್ರಾನ್ಸ್‌ಫಾರ್ಮರ್ ಇರುವ ಡಿಐ ನಡುವೆ ಇದ್ದರೆ ಈ ಚಿಂತೆಯೂ ಇಲ್ಲ. ಇದೇ ಕಾರಣಕ್ಕೆ ನಾನು ಎಕ್ಸ್‌ಎಲ್‌ಆರ್ ಇಲ್ಲ ಅಂತ ಯಾವ ಪೆಡಲನ್ನೂ ಬೇಡ ಅನ್ನುವುದಿಲ್ಲ.

ಕಾಲು ಏನು ಮಾಡಬೇಕು

ಪ್ರಾರ್ಥನೆಯ ಹೊತ್ತಿಗೆ ಮೆತ್ತಗೆ, ಚರಣದಲ್ಲಿ ಸ್ವಲ್ಪ ಡಿಲೇ (ಮತ್ತೆ ಮತ್ತೆ ಬರುವ ಪ್ರತಿಧ್ವನಿ), ಪಲ್ಲವಿ ಎರಡನೇ ಸಲ ಬಂದಾಗ ಓವರ್‌ಡ್ರೈವ್, ಕೊನೆಗೆ ಎಲ್ಲರೂ ಕೈ ಎತ್ತಿ ಹಾಡುವಾಗ ತುಂಬು ದನಿ. ಒಂದೇ ಹಾಡಿನಲ್ಲಿ ನಾಲ್ಕು ಬದಲಾವಣೆ ಆಯಿತು. ಎರಡೇ ಫುಟ್‌ಸ್ವಿಚ್ ಇರುವ ಪೆಡಲ್‌ನಲ್ಲಿ ಒಂದರಿಂದ ನಾಲ್ಕಕ್ಕೆ ಹೋಗಬೇಕು ಅಂದರೆ ನಡುವಿನ ಎರಡನ್ನೂ ತುಳಿದೇ ಹೋಗಬೇಕು. ಪ್ರಾರ್ಥನೆಯ ನಡುವೆ ಒಂದು ಕ್ಷಣ ಬೇಡದ ದನಿ ಬಂದರೂ ಎಲ್ಲರ ಮನಸ್ಸು ಅಲ್ಲಿಗೇ ಹೋಗುತ್ತದೆ.

ಅದಕ್ಕಿಂತ ಮುಖ್ಯವಾದದ್ದು ಒಂದಿದೆ. ಪ್ಯಾಚ್ (ಉಳಿಸಿಟ್ಟ ದನಿಯ ಸೆಟ್ಟಿಂಗ್) ಬದಲಿಸಿದಾಗ ಡಿಲೇ, ದೊಡ್ಡ ಕೋಣೆಯ ಮೊಳಗು ಕೊಡುವ ರಿವರ್ಬ್‌ನ ಬಾಲ ಉಳಿಯುತ್ತದಾ? ಎಷ್ಟೋ ಪೆಡಲ್‌ಗಳಲ್ಲಿ ಪ್ಯಾಚ್ ಬದಲಾಗುವಾಗ ಸಣ್ಣ ನಿಶ್ಶಬ್ದ ಬೀಳುತ್ತದೆ, ಹಳೆಯ ಪ್ರತಿಧ್ವನಿ ಕಟ್ ಆಗುತ್ತದೆ. ರಾಕ್ ಬ್ಯಾಂಡಿನ ಗದ್ದಲದಲ್ಲಿ ಇದು ಗೊತ್ತೂ ಆಗುವುದಿಲ್ಲ. ಕರ್ತನ ಭೋಜನದ ಹೊತ್ತಿನಲ್ಲಿ, ಅಯ್ಯನವರು (ಪಾಸ್ಟರ್) ಮೆಲ್ಲಗೆ ಪ್ರಾರ್ಥಿಸುತ್ತಿರುವಾಗ, ಅದು ಬಾಗಿಲು ಹಾಕಿಕೊಂಡ ಹಾಗೆ ಕೇಳಿಸುತ್ತದೆ. ಅಂಗಡಿಯಲ್ಲಿ ಹೀಗೆ ಪರೀಕ್ಷೆ ಮಾಡಿ: ಉದ್ದ ಡಿಲೇ ಇಟ್ಟು ಒಂದು ಕಾರ್ಡ್ ನುಡಿಸಿ, ಅದು ಇನ್ನೂ ಕೇಳುತ್ತಿರುವಾಗಲೇ ಪ್ಯಾಚ್ ಬದಲಿಸಿ. ಬಾಲ ಉಳಿಯಿತಾ, ಕತ್ತರಿಸಿತಾ? ಒಂದೇ ಪ್ಯಾಚ್ ಒಳಗೆ ಎಫೆಕ್ಟ್‌ಗಳನ್ನು ಒಂದೊಂದಾಗಿ ಆನ್-ಆಫ್ ಮಾಡುವ ರೀತಿ, ಇಲ್ಲವೇ ಸ್ನ್ಯಾಪ್‌ಶಾಟ್ ಅನ್ನುವ ಸೌಲಭ್ಯ ಇದ್ದರೆ ಈ ತೊಂದರೆ ತಪ್ಪುತ್ತದೆ.

ಎಕ್ಸ್‌ಪ್ರೆಶನ್ ಪೆಡಲ್ (ಕಾಲಿನಿಂದ ಹಿಂದೆ-ಮುಂದೆ ಒತ್ತುವ ಹಲಗೆ) ಇರಲೇಬೇಕು ಅನ್ನುವುದು ನನ್ನ ಅಭಿಪ್ರಾಯ. ವಾ-ವಾ ಮಾಡಲು ಅಲ್ಲ, ವಾಲ್ಯೂಮ್‌ಗೆ. ಕಾಲು ಹಿಂದೆ ಇಟ್ಟು ಕಾರ್ಡ್ ಹೊಡೆದು, ನಿಧಾನಕ್ಕೆ ಮುಂದೆ ಒತ್ತಿದರೆ ಪಿಟೀಲಿನ ಹಾಗೆ ದನಿ ಏರುತ್ತದೆ. ಆ ವಾಲ್ಯೂಮ್ ಬ್ಲಾಕನ್ನು ಡಿಲೇ, ರಿವರ್ಬ್‌ಗಿಂತ ಮೊದಲು ಇಡಿ. ಅವುಗಳ ನಂತರ ಇಟ್ಟರೆ ಕಾಲು ಹಿಂದಕ್ಕೆ ಒತ್ತಿದ ಕೂಡಲೇ ಬಾಲವೂ ಸತ್ತುಹೋಗುತ್ತದೆ.

ಇನ್ನು ತಾಳ. ಆರಾಧನೆಯ ಗಿಟಾರ್ ಅಂದರೆ ಎಲ್ಲರೂ ಡಾಟೆಡ್ ಎಯ್ತ್ ಡಿಲೇ, ಅಂದರೆ ಮುಕ್ಕಾಲು ಬೀಟಿಗೆ ಬರುವ ಪ್ರತಿಧ್ವನಿ, ಕಲಿಯುತ್ತಾರೆ. ನಿಮಿಷಕ್ಕೆ 72 ಬೀಟ್‌ನ ಹಾಡಾದರೆ ಒಂದು ಬೀಟ್ 833 ಮಿಲಿಸೆಕೆಂಡ್, ಅದರ ಮುಕ್ಕಾಲು ಭಾಗ 625. ಕಾಲಿನಿಂದ ಬೀಟ್ ತಟ್ಟಿದರೆ ಪೆಡಲೇ ಈ ಲೆಕ್ಕ ಮಾಡುತ್ತದೆ. ಎಂಟು ಮಾತ್ರೆಯ ಕೆಹರ್ವಾ ನಡೆಯ ಹಾಡಿಗೆ ಇದು ಚೆನ್ನಾಗಿ ಕೂರುತ್ತದೆ. ಆದರೆ ನಮ್ಮ ಕನ್ನಡ ಹಾಡುಗಳಲ್ಲಿ ದಾದ್ರಾ ನಡೆಯವು ಎಷ್ಟೋ ಇವೆ, ಆರು ಮಾತ್ರೆ: ಧಾ ಧೀ ನಾ, ಧಾ ತೀ ನಾ. ಎರಡೂ 'ಧಾ' ಮೇಲೆ ಕಾಲು ತಟ್ಟಿ ಡಾಟೆಡ್ ಎಯ್ತ್ ಇಟ್ಟರೆ ಪ್ರತಿಧ್ವನಿ ಎರಡೂಕಾಲು ಮಾತ್ರೆಗೆ ಬರುತ್ತದೆ. ತಬಲಾದವರ ಜೊತೆ ಜಗಳ ಶುರು. ಅಲ್ಲಿ ಕ್ವಾರ್ಟರ್ (ಪೂರ್ತಿ ಒಂದು ಬೀಟ್) ಇಡಿ, ಪ್ರತಿಧ್ವನಿ ಸರಿಯಾಗಿ ಮುಂದಿನ 'ಧಾ' ಮೇಲೆ ಬರುತ್ತದೆ. ಓಡುವ ಹಾಡಾದರೆ ಟ್ರಿಪ್ಲೆಟ್ ಇಡಿ, ಒಂದೊಂದು ಮಾತ್ರೆಗೂ ಬರುತ್ತದೆ. ಇದನ್ನು ಯಾವ ಇಂಗ್ಲಿಷ್ ಪಾಠದಲ್ಲೂ ನನಗೆ ಯಾರೂ ಹೇಳಿಕೊಡಲಿಲ್ಲ. ನಮ್ಮ ತಬಲಾ ಅಣ್ಣನ ಜೊತೆ ಕೂತು ಕಲಿತದ್ದು. ಹಾಗಾಗಿ ಪೆಡಲ್ ನೋಡುವಾಗ ಎರಡು ಕೇಳಿ: ಟ್ಯಾಪ್ ಟೆಂಪೋಗೆ (ಕಾಲಿನಿಂದ ಬೀಟ್ ತಟ್ಟಲು) ಒಂದು ಸ್ವಿಚ್ ಬಿಡಬಹುದಾ? ಡಿಲೇಯ ಸಮಯವನ್ನು ಕ್ವಾರ್ಟರ್, ಡಾಟೆಡ್, ಟ್ರಿಪ್ಲೆಟ್ ಅಂತ ಆಯ್ಕೆ ಮಾಡಬಹುದಾ?

ಈಗ ಪೆಡಲ್‌ಗಳ ವಿಷಯ

ಮೊದಲು ಸಣ್ಣವು. ಜೂಮ್ ಜಿ1ಎಕ್ಸ್ ಫೋರ್ ಮತ್ತು ಬಾಸ್ ಜಿಟಿ-1. ಎರಡರಲ್ಲೂ ಎಕ್ಸ್‌ಪ್ರೆಶನ್ ಪೆಡಲ್ ಇದೆ, ಎರಡೂ ನಾಲ್ಕು ಎಎ ಸೆಲ್‌ಗಳ ಮೇಲೆ ಓಡುತ್ತವೆ. ಕರೆಂಟ್ ಹೋದರೂ, ಎಕ್ಸ್‌ಟೆನ್ಶನ್ ಬೋರ್ಡ್ ಸಿಗದಿದ್ದರೂ ಆರಾಧನೆ ನಿಲ್ಲುವುದಿಲ್ಲ. ಮನೆಗಳಲ್ಲಿ ನಡೆಯುವ ಪ್ರಾರ್ಥನಾ ಕೂಟಕ್ಕೆ ಇದಕ್ಕಿಂತ ಅನುಕೂಲ ಇಲ್ಲ. ಮುಂಬೈಯಲ್ಲಿರುವ ನಮ್ಮ ಭಾವ ಡೊಂಬಿವಲಿಯಿಂದ ಲೋಕಲ್ ಟ್ರೇನಿನಲ್ಲಿ ಬೆನ್ನಿಗೆ ಗಿಟಾರ್ ಹಾಕಿಕೊಂಡು ಕುರ್ಲಾ ಕಡೆ ಬರುತ್ತಾರೆ. ಭಾನುವಾರವಾದರೂ ಗರ್ದಿ ಇದ್ದೇ ಇರುತ್ತದೆ. ಅವರಿಗೆ ಗಿಟಾರ್ ಬ್ಯಾಗಿನ ಮುಂದಿನ ಜೇಬಿನಲ್ಲಿ ಹಿಡಿಸುವುದೇ ಮೊದಲ ಶರತ್ತು. ಜೂಮ್ ಹಗುರ, ಬೆಲೆಯೂ ಕಡಿಮೆ. ಒಟ್ಟಿಗೆ ಐದು ಎಫೆಕ್ಟ್ ಇಡಬಹುದು: ಕಂಪ್ರೆಸರ್, ಓವರ್‌ಡ್ರೈವ್, ಆಂಪ್, ಡಿಲೇ, ರಿವರ್ಬ್. ಇಷ್ಟಕ್ಕೇ ಐದೂ ಮುಗಿಯಿತು. ಸ್ವಿಚ್ ಎರಡೇ. ಜಿಟಿ-1 ಅದಕ್ಕಿಂತ ಗಟ್ಟಿ, ಸ್ವಿಚ್ ಮೂರು. ಮೂರನೆಯದನ್ನು ಟ್ಯಾಪ್ ಟೆಂಪೋಗೋ ಓವರ್‌ಡ್ರೈವ್ ಆನ್-ಆಫ್‌ಗೋ ಇಟ್ಟುಕೊಳ್ಳಬಹುದು. ಆ ಒಂದು ಸ್ವಿಚ್ಚಿಗಾಗಿಯೇ ನಾನು ಹೊಸಬರಿಗೆ ಸ್ವಲ್ಪ ಜಾಸ್ತಿ ಕೊಟ್ಟು ಜಿಟಿ-1 ತಗೊಳ್ಳಿ ಅನ್ನುತ್ತೇನೆ. 2016ರಲ್ಲಿ ಬಂದ ಪೆಡಲ್, ಹಳೆಯದಾಯಿತು ಅಂತ ಹಿಂಜರಿಯಬೇಡಿ. ಹಳೆಯದಾದ್ದರಿಂದ ಸೆಕೆಂಡ್ ಹ್ಯಾಂಡ್ ಕೂಡ ಸಿಗುತ್ತದೆ.

ಬಾಸ್‌ನದ್ದೇ ಎಂಇ-90 ಬೇರೆ ಸ್ವಭಾವದ್ದು. ಇದರಲ್ಲಿ ಮೆನು ಹುಡುಕುವ ಕೆಲಸ ಕಡಿಮೆ. ಓವರ್‌ಡ್ರೈವ್, ಡಿಲೇ, ರಿವರ್ಬ್ ಎಲ್ಲಕ್ಕೂ ಮೇಲೆಯೇ ತಿರುಗಿಸುವ ಗುಂಡಿಗಳಿವೆ, ಕೆಳಗೆ ಎಂಟು ಸ್ವಿಚ್. ಸಭೆಯ ಕಾಣಿಕೆಯ ಹಣದಿಂದ ಎಲ್ಲರಿಗೂ ಸೇರಿ ಒಂದು ಪೆಡಲ್ ತಗೊಳ್ಳುವುದಾದರೆ ನನ್ನ ಮತ ಇದಕ್ಕೇ. ಯಾಕೆಂದರೆ ಸಭೆಯ ಪೆಡಲ್ ಒಬ್ಬರ ಕೈಯಲ್ಲಿ ಇರುವುದಿಲ್ಲ. ಈ ವಾರ ನೀವು, ಮುಂದಿನ ವಾರ ಕಾಲೇಜಿನ ಹುಡುಗಿ, ಆಮೇಲೆ ಅತಿಥಿಯಾಗಿ ಬೆಳಗಾವಿಯಿಂದ ಬಂದ ಯಾರೋ. ಗುಂಡಿ ನೋಡಿದರೆ ಯಾರಿಗಾದರೂ ಅರ್ಥ ಆಗುತ್ತದೆ. ಐದು ಪುಟದ ಮೆನು ಒಳಗೆ ಅಡಗಿರುವ ರಿವರ್ಬ್ ಅರ್ಥ ಆಗುವುದಿಲ್ಲ. ದನಿಯ ಆಯ್ಕೆಯಲ್ಲಿ ಮುಂದೆ ಹೇಳುವ ಪೆಡಲ್‌ಗಳಷ್ಟು ಆಳ ಇದರಲ್ಲಿಲ್ಲ, ನಿಜ. ಸಭೆಗೆ ಆ ಆಳಕ್ಕಿಂತ ಎಲ್ಲರಿಗೂ ಕೈಗೆಟುಕುವುದು ಮುಖ್ಯ ಅನ್ನುವುದು ನನ್ನ ನಂಬಿಕೆ.

ನಾನು ಈಗ ನುಡಿಸುವುದು ಲೈನ್ 6 ಪಾಡ್ ಗೋ. 2020ರಲ್ಲಿ ಬಂದದ್ದು. ಎಂಟು ಸ್ವಿಚ್, ಎಕ್ಸ್‌ಪ್ರೆಶನ್ ಪೆಡಲ್, ಬಣ್ಣದ ಪರದೆ. ತೂಕ ಎರಡೂವರೆ ಕಿಲೋ ಒಳಗೆ, ಸ್ಕೂಟರಿನ ಮುಂದೆ ಇಟ್ಟುಕೊಂಡು ಹೋಗಬಹುದು. ಇದರ ದೊಡ್ಡ ಗುಣ ಸ್ನ್ಯಾಪ್‌ಶಾಟ್. ಒಂದೇ ಪ್ರೀಸೆಟ್ (ಪ್ಯಾಚಿಗೆ ಇನ್ನೊಂದು ಹೆಸರು) ಒಳಗೆ ನಾಲ್ಕು ಸ್ಥಿತಿ ಇಡಬಹುದು: ಪ್ರಾರ್ಥನೆ, ಚರಣ, ಪಲ್ಲವಿ, ತುಂಬು ದನಿ. ಕಾಲಿಟ್ಟರೆ ಬದಲಾಗುತ್ತದೆ, ಟ್ರೇಲ್ಸ್ ಆನ್ ಇದ್ದರೆ ಬಾಲ ಕತ್ತರಿಸುವುದಿಲ್ಲ. ಭಾನುವಾರಕ್ಕೆ ಐದು ಹಾಡಿದ್ದರೆ ಐದು ಪ್ರೀಸೆಟ್, ಹಾಡು ಮುಗಿದು ಅಯ್ಯನವರು ಮಾತಾಡುವಾಗ ಮುಂದಿನದಕ್ಕೆ ಹೋಗುತ್ತೇನೆ. ಐಆರ್ ಫೈಲ್ ಹಾಕಬಹುದು. ಟ್ಯಾಪ್‌ಗೆ ಬೇರೆಯೇ ಸ್ವಿಚ್ ಇದೆ. ಕೊರತೆಯೂ ಇದೆ. ಆಂಪ್, ಕ್ಯಾಬ್, ವಾ, ವಾಲ್ಯೂಮ್ ಇವುಗಳಿಗೆ ಒಂದೊಂದು ಬ್ಲಾಕ್ ಮೊದಲೇ ಮೀಸಲು. ನಿಮ್ಮ ಇಷ್ಟದ್ದಕ್ಕೆ ಉಳಿಯುವುದು ನಾಲ್ಕು ಬ್ಲಾಕ್. ಎರಡು ಡಿಲೇ, ಎರಡು ರಿವರ್ಬ್ ಬೇಕು ಅನ್ನುವವರಿಗೆ ಓವರ್‌ಡ್ರೈವ್‌ಗೆ ಜಾಗವೇ ಉಳಿಯುವುದಿಲ್ಲ. ಎಕ್ಸ್‌ಎಲ್‌ಆರ್ ಇಲ್ಲ, ಡಿಐ ಬಾಕ್ಸ್ ಜೊತೆಗಿಟ್ಟುಕೊಳ್ಳಬೇಕು. ಸೆಲ್ ಮೇಲೆ ಓಡುವುದಿಲ್ಲ.

ಅದೇ ಕಂಪನಿಯ ಎಚ್‌ಎಕ್ಸ್ ಸ್ಟಾಂಪ್ ಇನ್ನೂ ಚಿಕ್ಕದು, ಇನ್ನೂ ದುಬಾರಿ. ಎಂಟು ಬ್ಲಾಕನ್ನು ಬೇಕಾದಲ್ಲಿ ಇಡಬಹುದು. ಆದರೆ ಸ್ವಿಚ್ ಮೂರೇ, ಎಕ್ಸ್‌ಪ್ರೆಶನ್ ಪೆಡಲ್ ಹೊರಗಿನಿಂದ ತರಬೇಕು, 9 ವೋಲ್ಟ್‌ನಲ್ಲಿ 3 ಆಂಪಿಯರ್ ಕೊಡುವ ಅಡಾಪ್ಟರ್ ಬೇಕು. ಈಗಾಗಲೇ ನಾಲ್ಕೈದು ಬಿಡಿ ಪೆಡಲ್ ಇರುವವರು ಅವುಗಳ ಜೊತೆ ಇದನ್ನು ಇಟ್ಟರೆ ಸೊಗಸು. ಅದೊಂದೇ ಪೆಡಲ್ ಆಗಿ ಆರಾಧನೆಗೆ ತರುವವರಿಗೆ ನಾನು ಹೇಳುವುದಿಲ್ಲ. ಮತ್ತೆ ಮತ್ತೆ ಬಗ್ಗಿ ಗುಂಡಿ ತಿರುಗಿಸುವುದೇ ಆಗುತ್ತದೆ.

ಚೀನಾದ ಕಂಪನಿಗಳ ಪೆಡಲ್‌ಗಳನ್ನು ಹಗುರವಾಗಿ ನೋಡಬೇಡಿ. ನಕ್ಸ್ ಎಂಜಿ-30, ಹೋಟೋನ್ ಆಂಪೆರೋ, ವ್ಯಾಲಟನ್ ಜಿಪಿ-200 ಎಲ್ಲದರಲ್ಲೂ ಐಆರ್ ಹಾಕಬಹುದು. ಮಿಕ್ಸರಿಗೆ ನೇರ ಹಾಕುವ ನಮ್ಮಂಥವರಿಗೆ ಅದು ದೊಡ್ಡ ವಿಷಯ. ಜಿಪಿ-200ರ ಹಿಂದೆ ಎಕ್ಸ್‌ಎಲ್‌ಆರ್ ಔಟ್‌ಪುಟ್ ಇದೆ, ಎಂಟು ಸ್ವಿಚ್ ಇದೆ, ಎಕ್ಸ್‌ಪ್ರೆಶನ್ ಪೆಡಲ್ ಇದೆ. ಅದೇ ಹೆಸರಿನ ಬೇರೆ ಬೇರೆ ಆವೃತ್ತಿಗಳಿವೆ, ಹಿಂಭಾಗ ನೋಡಿಯೇ ದುಡ್ಡು ಕೊಡಿ. ಬೆಲೆಗೆ ಸಿಗುವುದನ್ನು ನೋಡಿದರೆ ಪಾಡ್ ಗೋಗೆ ಎದುರು ನಿಲ್ಲುವ ಪೆಡಲ್ ಇದು. ಕೆಟ್ಟರೆ ರಿಪೇರಿ ಎಲ್ಲಿ ಅನ್ನುವುದನ್ನು ಮಾತ್ರ ಅಂಗಡಿಯಲ್ಲೇ ಬಾಯಿಬಿಟ್ಟು ಕೇಳಿ, ವಾರಂಟಿ ಚೀಟಿ ಮೇಲೆ ಭಾರತದ ವಿಳಾಸ ಇದೆಯಾ ನೋಡಿ.

ಇವಕ್ಕಿಂತ ತುಂಬಾ ದುಬಾರಿಯಾದ ಕ್ವಾಡ್ ಕಾರ್ಟೆಕ್ಸ್, ಹೀಲಿಕ್ಸ್, ಕೆಂಪರ್ ಬಗ್ಗೆಯೂ ಕೇಳುತ್ತಾರೆ. ಒಳ್ಳೆಯ ಯಂತ್ರಗಳು, ಅನುಮಾನ ಇಲ್ಲ. ರೆಕಾರ್ಡಿಂಗ್ ಕೆಲಸವೂ ಮಾಡುವವರಾದರೆ ತಗೊಳ್ಳಿ. ಭಾನುವಾರದ ಎರಡು ಗಂಟೆಗಾಗಿ ಮಾತ್ರ ಆದರೆ, ಆ ದುಡ್ಡಿನಲ್ಲಿ ಪಾಡ್ ಗೋ, ಒಳ್ಳೆಯ ಡಿಐ, ಗಾಯಕರಿಗೆ ಎರಡು ಮೈಕು, ತಬಲಾಕ್ಕೊಂದು ಮೈಕು ಬಂದು ಇನ್ನೂ ಉಳಿಯುತ್ತದೆ.

ಶಿಮ್ಮರ್ ಅನ್ನುವ ಆಸೆ

ಹುಡುಗರು ಪೆಡಲ್ ಕೈಗೆ ಸಿಕ್ಕ ಕೂಡಲೇ ಹುಡುಕುವುದು ಶಿಮ್ಮರ್ ರಿವರ್ಬ್. ನುಡಿಸಿದ ಸ್ವರದ ಒಂದು ಸಪ್ತಕ ಮೇಲಿನ ಸ್ವರವನ್ನು ಪ್ರತಿಧ್ವನಿಯೊಳಗೆ ಮತ್ತೆ ಮತ್ತೆ ಸೇರಿಸುವ ರೀತಿ ಅದು. ಹೆಡ್‌ಫೋನಿನಲ್ಲಿ ಕೇಳಿದರೆ ಸ್ವರ್ಗದ ಹಾಗೆ ಇರುತ್ತದೆ. ಹಾಲ್‌ನಲ್ಲಿ ಬೇರೆ ಕಥೆ. ಗೋವಾದ ವಾಸ್ಕೋದಲ್ಲಿ ನನ್ನ ಒಬ್ಬ ಗೆಳೆಯ ನುಡಿಸುತ್ತಾನೆ, ಗದಗದ ಕಡೆಯವನು. ಒಮ್ಮೆ ಅಲ್ಲಿನ ಹಳೆಯ ಕಾಲದ ಎತ್ತರದ ಛಾವಣಿಯ ಚರ್ಚೊಂದರಲ್ಲಿ ಅವನ ಜೊತೆ ನುಡಿಸಿದೆ. ಕಲ್ಲಿನ ಗೋಡೆ, ಸುಣ್ಣದ ಗಾರೆ, ಚಪ್ಪಾಳೆ ತಟ್ಟಿದರೆ ಸುಮಾರು ಹೊತ್ತು ಉಳಿಯುತ್ತದೆ. ಕಟ್ಟಡವೇ ರಿವರ್ಬ್ ಕೊಡುತ್ತಿರುವಾಗ ನಾವು ಸೇರಿಸಿದ್ದೆಲ್ಲ ಮಬ್ಬು. ಅಲ್ಲಿ ರಿವರ್ಬ್ ಪೂರ್ತಿ ಆಫ್ ಮಾಡಿ, ಡಿಲೇ ಮಾತ್ರ ಮೆಲ್ಲಗೆ ಇಟ್ಟೆವು. ತಗ್ಗು ಛಾವಣಿಯ ಶಾಲೆಯ ಕೋಣೆಯಲ್ಲಿ, ಫಾಲ್ಸ್ ಸೀಲಿಂಗ್ ಇರುವ ಹಾಲ್‌ನಲ್ಲಿ ಮಾತ್ರ ಪೆಡಲ್‌ನ ರಿವರ್ಬ್‌ಗೆ ನಿಜವಾದ ಕೆಲಸ ಇರುತ್ತದೆ. ಮೇಲೆ ಹೇಳಿದ ಯಾವ ಪೆಡಲ್‌ನ ರಿವರ್ಬ್ ಆದರೂ ಅದಕ್ಕೆ ಸಾಕು. ಶಿಮ್ಮರ್‌ಗಾಗಿ ಯಾರೂ ಮೇಲಿನ ದರ್ಜೆಗೆ ಹೋಗಬೇಡಿ.

ಗೋವಾದವರಿಗೆ, ಮುಂಬೈಯವರಿಗೆ ಇನ್ನೊಂದು ಮಾತು. ಸಮುದ್ರದ ಗಾಳಿಗೆ ಜಾಕ್‌ಗಳು ಬೇಗ ಕಿಲುಬು ಹಿಡಿಯುತ್ತವೆ. ಮಳೆಗಾಲದಲ್ಲಿ ಪೆಡಲ್ ಬ್ಯಾಗಿನಲ್ಲಿ ಸಿಲಿಕಾ ಜೆಲ್ ಪುಡಿಕೆ ಇಡಿ, ವಾರಕ್ಕೊಮ್ಮೆ ಹೊರಗೆ ತೆಗೆದು ಆನ್ ಮಾಡಿ.

ಕೊಳ್ಳುವ ದಿನ

ಮುಂಬೈಯ ಧೋಬಿ ತಲಾವ್‌ನ ಫುರ್ಟಾಡೋಸ್ 1865ರಿಂದ ಇರುವ ಅಂಗಡಿ. ಆನ್‌ಲೈನ್‌ನಲ್ಲಿ ಬೆಲೆ ನೋಡಿಕೊಂಡು ಹೋದರೂ ಒಮ್ಮೆ ಅಂಗಡಿಯಲ್ಲಿ ಕಾಲಿಟ್ಟು ನೋಡಿ. ನಿಮ್ಮದೇ ಗಿಟಾರ್ ಒಯ್ಯಿರಿ. ಅಂಗಡಿಯವರು ಆಂಪಿಗೆ ಹಾಕಿ ಕೇಳಿಸುತ್ತಾರೆ. ಮಿಕ್ಸರ್ ಮತ್ತು ಸ್ಪೀಕರಿಗೆ ಹಾಕಿ ಅಂತ ಕೇಳಿಕೊಳ್ಳಿ, ನೀವು ನುಡಿಸುವುದು ಅದರ ಮೇಲೆಯೇ ಅಲ್ವಾ? ಒಂದೇ ವೈರ್ ಹಾಕುವಾಗ ಎಲ್/ಮೋನೋ ಜಾಕಿಗೇ ಹಾಕಿ. ತಪ್ಪಿ ಬಲಗಡೆಗೆ ಹಾಕಿದರೆ ಎಡಕ್ಕೂ ಬಲಕ್ಕೂ ಸರದಿಯಲ್ಲಿ ಹೋಗುವ ಪಿಂಗ್-ಪಾಂಗ್ ಡಿಲೇಯ ಅರ್ಧ ಪ್ರತಿಧ್ವನಿಗಳು ಕಾಣೆಯಾಗುತ್ತವೆ.

ಸೆಕೆಂಡ್ ಹ್ಯಾಂಡ್ ಆದರೆ ಎಲ್ಲ ಸ್ವಿಚ್ಚನ್ನೂ ಹತ್ತು ಹತ್ತು ಸಲ ತುಳಿಯಿರಿ. ಎಕ್ಸ್‌ಪ್ರೆಶನ್ ಪೆಡಲ್ ಪೂರ್ತಿ ಹಿಂದೆ ತಂದಾಗ ದನಿ ಪೂರ್ತಿ ಸೊನ್ನೆ ಆಗುತ್ತದಾ ನೋಡಿ. ವೈರ್ ಹಾಕಿದ ಮೇಲೆ ಜಾಕನ್ನು ಮೆಲ್ಲಗೆ ಅಲ್ಲಾಡಿಸಿ, ಕರಕರ ಅಂದರೆ ಬೆಲೆ ಇಳಿಸಿ ಕೇಳಿ ಇಲ್ಲವೇ ಬಿಡಿ. ಅಡಾಪ್ಟರ್ ಅದರದ್ದೇನಾ ಅಂತ ಕೇಳಿ. ವೋಲ್ಟ್, ಆಂಪಿಯರ್, ನಡುವಿನ ಪಿನ್ ಮೈನಸ್ಸಾ ಪ್ಲಸ್ಸಾ, ಮೂರೂ ಹೊಂದಬೇಕು. ಪ್ಲಗ್ ಒಳಗೆ ಹೋಯಿತು ಅಂದ ಮಾತ್ರಕ್ಕೆ ಅದು ಸರಿ ಅಂತ ಅಲ್ಲ.

ತಂದ ಮೇಲೆ ಮೊದಲ ಎರಡು ವಾರ ಸಭೆಯಲ್ಲಿ ನುಡಿಸಬೇಡಿ. ಒಂದು ಶನಿವಾರ ಸಂಜೆ ಹಾಲ್‌ನ ಕೀಲಿ ಕೇಳಿಕೊಂಡು ಹೋಗಿ. ಸೌಂಡ್ ನೋಡಿಕೊಳ್ಳುವವರು ಜೊತೆಗಿರಲಿ. ನಾಲ್ಕೂ ದನಿಗಳ ಮಟ್ಟವನ್ನು ಅಲ್ಲೇ, ದೊಡ್ಡ ಸ್ಪೀಕರಿನಲ್ಲೇ ಸರಿ ಮಾಡಿ. ಹೆಡ್‌ಫೋನಿನಲ್ಲಿ ಸಮ ಅನಿಸಿದ ಓವರ್‌ಡ್ರೈವ್ ಹಾಲ್‌ನಲ್ಲಿ ಎಲ್ಲರನ್ನೂ ಮುಚ್ಚಿಬಿಡಬಹುದು. ಯಾರಾದರೂ ಒಬ್ಬರು ಮೈಕಿನಲ್ಲಿ ಒಂದು ಹಾಡು ಹಾಡಲಿ, ಇನ್ನೊಬ್ಬರು ಕೊನೆಯ ಬೆಂಚಿನಲ್ಲಿ ಕೂತು ಮಾತು ಕೇಳಿಸುತ್ತಿದೆಯಾ ಅಂತ ಹೇಳಲಿ. ನಮ್ಮಲ್ಲಿ ಆ ಕೊನೆಯ ಬೆಂಚಿನಲ್ಲಿ ಈಗಲೂ ಆ ಅಜ್ಜಿಯೇ ಕೂರುತ್ತಾರೆ.